ಕೆಂಚಿಯ ಮರಿಗೆ ಸೋಪು ಹಚ್ಚಿದ್ದು

ನನ್ನ ಬ್ಯಾಗಿನಲ್ಲಿ ಒಂದು ಸೋಪಿನ ಡಬ್ಬಿ ಇದೆ. ಗುಲಾಬಿ ಬಣ್ಣದ್ದು, ಮುಚ್ಚಳ ಸೀಳಿದ್ದು, ಒಳಗೆ ಸೋಪಿಲ್ಲದ್ದು. ಮೊನ್ನೆ ಸ್ಟಾಫ್ ರೂಮಿನಲ್ಲಿ ಕೆಂಪು ಪೆನ್ನು ಹುಡುಕುತ್ತಾ ಬ್ಯಾಗನ್ನು ಮೇಜಿನ ಮೇಲೆ ಸುರಿದಾಗ ಅದೂ ಉರುಳಿ ಬಿತ್ತು. ಕನ್ನಡ ಮೇಷ್ಟ್ರು ಅದನ್ನೆತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ, "ಏನ್ ಮೇಡಂ, ಖಾಲಿ ಡಬ್ಬಿ ಹೊತ್ಕೊಂಡು ಓಡಾಡ್ತಿದೀರಲ್ಲ" ಎಂದರು. ಎಲ್ಲರೂ ನಕ್ಕರು. ನನಗೆ ಸಿಟ್ಟು ಬಂತು. ಡಬ್ಬಿಯನ್ನು ಅವರ ಕೈಯಿಂದ ಕಿತ್ತುಕೊಂಡು ಬ್ಯಾಗಿಗೆ ತುರುಕಿದೆ.

ನನಗೆ ಸಿಟ್ಟು ಬರುವುದು ದೊಡ್ಡ ಸುದ್ದಿಯಲ್ಲ. ತುಮಕೂರಿನ ಒಂದು ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ವಿಜ್ಞಾನ ಹೇಳಿಕೊಡುತ್ತಿದ್ದೇನೆ; ನನ್ನ ಚಪ್ಪಲಿಯ ಸದ್ದು ಕೇಳಿದರೆ ಒಂಬತ್ತನೇ ತರಗತಿಯ ಗಲಾಟೆ ತಾನಾಗಿ ನಿಲ್ಲುತ್ತದೆ. ಅಗೆದು ಹಾಗೇ ಬಿಟ್ಟುಹೋದ ರಸ್ತೆ ಕಂಡರೆ ಸಿಟ್ಟು. ಉಪ್ಪಿಟ್ಟಿಗೆ ಸಕ್ಕರೆ ಹಾಕುವವರನ್ನು ಕಂಡರೆ ಸಿಟ್ಟು. ಫೋನ್ ಮಾಡಿ "ಯಾರು ಮಾತಾಡೋದು" ಎಂದು ನಮ್ಮನ್ನೇ ಕೇಳುವವರ ಮೇಲಂತೂ ವಿಪರೀತ. ನಮ್ಮಕ್ಕನ ಪಾಲಿನ ಸಿಟ್ಟನ್ನೂ ನಾನೇ ಬಾಚಿಕೊಂಡು ಹುಟ್ಟಿದೆ ಎಂದು ನಮ್ಮವ್ವ ಹೇಳುತ್ತಿದ್ದಳು. ಇಷ್ಟು ಸಿಟ್ಟಿನಲ್ಲಿ ಯಾವುದು ನ್ಯಾಯದ್ದು, ಯಾವುದು ಬರೀ ಬಾಯಿಬಡುಕತನ ಎಂದು ಯಾರೂ ನನ್ನನ್ನು ಕೇಳಿರಲಿಲ್ಲ. ಕೇಳಿದ್ದು ಒಂದು ಕುರಿ.

ಅದಕ್ಕೆ ಮೊದಲು ಸೋಪಿನ ವಿಷಯ ಹೇಳಿಬಿಡುತ್ತೇನೆ.

ನಾವು ಹುಟ್ಟಿದ್ದು ಕುಣಿಗಲ್ ಕಡೆಯ ಒಂದು ಸಣ್ಣ ಊರಿನಲ್ಲಿ, ಮಾರ್ಕೋನಹಳ್ಳಿಯ ನಾಲೆ ನೀರು ಹರಿಯುವ ಕಡೆ. ಮನೆಯಲ್ಲಿ ಕುರಿಗಳಿದ್ದವು. ಕುರಿ ಕೂಡುತ್ತಿದ್ದ ಕೊಟ್ಟಿಗೆಗೂ ನಾವು ಮಲಗುತ್ತಿದ್ದ ಜಾಗಕ್ಕೂ ನಡುವೆ ಇದ್ದದ್ದು ಎದೆಮಟ್ಟದ ಒಂದು ಗೋಡೆ. ಮನೆಗೆಲ್ಲ ಸೇರಿ ಒಂದು ಸೋಪು. ಅದನ್ನು ಅಜ್ಜಿ ನೂಲಿನ ದಾರದಿಂದ ನಾಲ್ಕು ತುಂಡು ಮಾಡಿ, ಒಂದನ್ನು ಮಾತ್ರ ಬಚ್ಚಲಿಗೆ ಬಿಟ್ಟು, ಉಳಿದ ಮೂರನ್ನು ಯಾರೂ ಮುಟ್ಟದಂತೆ ರಾಗಿಹಿಟ್ಟಿನ ಡಬ್ಬದಲ್ಲಿ ಹೂತಿಡುತ್ತಿದ್ದಳು. ಹೀಗಾಗಿ ನಮ್ಮ ಮನೆಯ ಮುದ್ದೆಗೆ ಸದಾ ಸೋಪಿನ ಪರಿಮಳವಿರುತ್ತಿತ್ತು. ನಮ್ಮ ಮೈಗೆ ಇರುತ್ತಿರಲಿಲ್ಲ.

ಆರನೇ ತರಗತಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹುಡುಗಿ ಒಂದು ಬೆಳಿಗ್ಗೆ ಮೂಗು ಹಿಡಿದುಕೊಂಡು ಎದ್ದು ನಿಂತು, "ಸಾರ್, ಇವ್ಳ ಹತ್ರ ಕುರಿ ವಾಸ್ನೆ" ಎಂದಳು. ಮೇಷ್ಟ್ರು ಅವಳನ್ನು ಬೈಯಲಿಲ್ಲ, ನಗಲೂ ಇಲ್ಲ. "ಸರಿ, ನೀನ್ ಮುಂದಿನ್ ಬೆಂಚಿಗ್ ಹೋಗು" ಎಂದು ಹೇಳಿ ಪಾಠ ಮುಂದುವರಿಸಿದರು. ಆ ವರ್ಷವೆಲ್ಲ ನಾನು ಒಂದು ಬೆಂಚಿನಲ್ಲಿ ಒಬ್ಬಳೇ ಕೂತೆ. ಅವತ್ತು ಬಂದ ಸಿಟ್ಟು ಇವತ್ತಿಗೂ ಆರಿಲ್ಲ, ಆರುವುದೂ ಬೇಡ. ಸಂಬಳ ಬರಲು ಶುರುವಾದ ಮೇಲೆ ನಾನು ಮೊದಲು ಕೊಂಡದ್ದು ಮಲ್ಲಿಗೆ ಪರಿಮಳದ ಸೋಪು. ಅಂದಿನಿಂದ ಮದುವೆಮನೆಗೆ ಹೋದರೂ ಆಸ್ಪತ್ರೆಗೆ ಹೋದರೂ ನನ್ನ ಸೋಪು ನನ್ನ ಜೊತೆ. ಊಟಕ್ಕೆ ಮೊದಲು, ಊಟದ ನಂತರ, ಬಸ್ಸಿಳಿದ ಕೂಡಲೇ, ಯಾರಾದರೂ ಕೈಕುಲುಕಿದ ಕೂಡಲೇ ತೊಳೆಯುತ್ತೇನೆ. ಕೈ ತೊಳೆಯುವುದರ ಬಗ್ಗೆ ನಾನು ಮಾಡಿದ ಭಾಷಣ ಕೇಳದೆ ನಮ್ಮ ಶಾಲೆಯಿಂದ ಒಂದು ಮಗುವೂ ಪಾಸಾಗಿ ಹೋಗಿಲ್ಲ.

ಈಗ ಕುರಿಯ ವಿಷಯ. ಅಕ್ಕನನ್ನು ಕೊಟ್ಟಿರುವುದು ಗುಬ್ಬಿ ತಾಲ್ಲೂಕಿಗೆ, ಹಾಗಲವಾಡಿಗೆ ಸ್ವಲ್ಪ ಮುಂಚೆ ಸಿಗುವ ಊರಿಗೆ. ಅವಳಿಗೂ ಭಾವನಿಗೂ ಹೊಲವಿದೆ, ಜೊತೆಗೆ ಹದಿನಾಲ್ಕು ಕುರಿ. ಕಳೆದ ದಸರಾ ರಜೆಗೆ ಹೋಗಿದ್ದೆ. ಹೋದ ಮಾರನೆಯ ಬೆಳಿಗ್ಗೆ ಇಬ್ಬರೂ ಹುಲ್ಲು ಕೊಯ್ಯಲು ಹೊರಟರು. ಹೊರಡುವಾಗ ಅಕ್ಕ ಕೊಟ್ಟಿಗೆಯ ಮೂಲೆಯಲ್ಲಿದ್ದ ಕೆಂಚು ಬಣ್ಣದ ಕುರಿಯನ್ನು ತೋರಿಸಿ ಹೇಳಿದಳು:

"ಕೆಂಚಿ ಇವತ್ತೋ ನಾಳೆನೋ ಮರಿ ಹಾಕ್ತದೆ. ಮೊದಲ್ನೇ ಸಲ ಅದಕ್ಕೆ. ನೋಡ್ಕೊಂಡಿರು ಭಾಗ್ಯ. ಏನೂ ಮಾಡಕ್ ಹೋಗ್ಬೇಡ, ಸುಮ್ಕೆ ನೋಡ್ಕೊಂಡಿರು."

ಸುಮ್ಮನೆ ನೋಡಿಕೊಂಡಿರುವುದು ನನ್ನ ಜಾಯಮಾನವಲ್ಲ. ಅವರು ಹೋಗಿ ಒಂದು ಗಂಟೆಯಾಗಿರಲಿಲ್ಲ, ಕೆಂಚಿ ನರಳಿತು, ಮಲಗಿತು, ಎದ್ದಿತು, ಮತ್ತೆ ಮಲಗಿತು. ಮರಿ ಬಂತು. ಮೈಗೆಲ್ಲ ಹಳದಿ ಲೋಳೆ ಮೆತ್ತಿಕೊಂಡು ಗಂಜಲದ ಕೆಸರಿನೊಳಕ್ಕೇ ಬಿತ್ತು. ಕೆಂಚಿ ಸುಸ್ತಾಗಿ ಕತ್ತು ಚಾಚಿ ಒಂದೆರಡು ಸಲ ಅದನ್ನು ನೆಕ್ಕಿತು. ಆ ಕೊಳಕು ನೋಡಲಾಗಲಿಲ್ಲ ನನಗೆ. ಮರಿಯನ್ನೆತ್ತಿ ಬಚ್ಚಲಿಗೆ ಒಯ್ದೆ. ಹಂಡೆಯಲ್ಲಿ ಬಿಸಿನೀರಿತ್ತು, ಬ್ಯಾಗಿನಲ್ಲಿ ಮಲ್ಲಿಗೆ ಸೋಪಿತ್ತು. ಎರಡು ಸಲ ನೊರೆ ಬರಿಸಿ ತಿಕ್ಕಿದೆ. ನನ್ನದೇ ಟವೆಲ್ಲಿನಿಂದ ಒರೆಸಿದೆ. ಮರಿ ಬೆಳ್ಳಗೆ ಗುಂಗುರು ಗುಂಗುರಾಗಿ ಹೊಳೆಯತೊಡಗಿತು. ಒಂದು ಫೋಟೋ ತೆಗೆದು ನಮ್ಮ ಸ್ಟಾಫ್ ಗ್ರೂಪಿಗೆ ಹಾಕಿದೆ. ಸಾಲುಸಾಲಾಗಿ ಹಾರ್ಟುಗಳು ಬಂದವು.

ಆಮೇಲೆ ಮರಿಯನ್ನು ತಂದು ತಾಯಿಯ ಮುಂದೆ ಬಿಟ್ಟೆ. ಕೆಂಚಿ ಎದ್ದು ನಿಂತಿತ್ತು. ಮೂತಿ ಚಾಚಿ ಮೂಸಿತು. ಮೂಗು ಸೊಟ್ಟಗೆ ಮಾಡಿ ಸೀನಿತು. ಮತ್ತೆ ಮೂಸಿತು. ಆಮೇಲೆ ತಲೆ ತಗ್ಗಿಸಿ ಮರಿಯನ್ನು ಗೋಡೆಯ ಕಡೆಗೆ ಗುದ್ದಿ ಉರುಳಿಸಿತು. ಮರಿ ತಡವರಿಸಿ ಎದ್ದು ಕೆಚ್ಚಲು ಹುಡುಕಿಕೊಂಡು ಹೋಯಿತು; ಈ ಸಲ ಒದೆ. ಮೂರನೇ ಸಲ ಹೋದಾಗ ಮತ್ತೆ ಗುದ್ದು. ನಾನು ಅಲ್ಲೇ ನಿಂತು ಕೆಂಚಿಗೆ ಬಾಯಿಗೆ ಬಂದಂತೆ ಬೈದೆ. ತಾಯ್ತನ ಎಂದರೇನು, ಜವಾಬ್ದಾರಿ ಎಂದರೇನು ಎಂದು ತರಗತಿಯಲ್ಲಿ ಹೇಳುವ ಹಾಗೇ ಹೇಳಿದೆ. ಕುರಿ ಮುಖ ತಿರುಗಿಸಿಕೊಂಡು ನಿಂತಿತು.

ಅಕ್ಕ ಭಾವ ಹುಲ್ಲಿನ ಹೊರೆ ಇಳಿಸುವಷ್ಟರಲ್ಲಿ ನಾನು ದೂರು ಸಿದ್ಧಮಾಡಿಕೊಂಡಿದ್ದೆ. "ಎಂಥ ಕುರಿ ಸಾಕಿದೀರ ಭಾವ, ಹೆತ್ತ ಮರೀನ ಗುದ್ದಿ ಬೀಳಿಸ್ತಿದೆ" ಎಂದೆ. ಭಾವ ತಲೆಯ ಟವೆಲ್ ಬಿಚ್ಚಿ ಮುಖ ಒರೆಸಿಕೊಳ್ಳುತ್ತಾ ಆಕಾಶ ನೋಡಿದರು. ಹೆಲಿಕಾಪ್ಟರ್ ಕಾರ್ಖಾನೆ ಬಂದ ಮೇಲೆ ಗುಬ್ಬಿ ಕಡೆ ಹೆಲಿಕಾಪ್ಟರ್ ಅಪರೂಪವಲ್ಲ; ಬೆಳಿಗ್ಗೆ ಒಂದು ಹಾದುಹೋಗಿತ್ತು.

"ಅದ್ರ ಸದ್ದಿಗೇ ಬೆದರೈತೆ. ಮೊದಲ್ನೇ ಸೂಲು ನೋಡು, ಗಾಬ್ರಿ ಆಗೈತೆ" ಎಂದರು ಭಾವ.

"ಹೌದು ಭಾವ, ಎಷ್ಟು ಕೆಳಗೆ ಹೋಯ್ತು ಅಂತೀರ" ಎಂದೆ ನಾನು. ಹೆಲಿಕಾಪ್ಟರ್ ಹೋದದ್ದು ಮರಿ ಹುಟ್ಟುವುದಕ್ಕೆ ಬಹಳ ಮುಂಚೆ, ಅದೂ ಆಕಾಶದ ಅಂಚಿನಲ್ಲಿ. ಆದರೂ ಹೇಳಿದೆ. ಹೇಳುವಾಗಲೇ ನಿಜವಾದ ಕಾರಣ ಹೊಳೆಯಿತು. ಸಸ್ತನಿಗಳು ಮರಿಗಳನ್ನು ವಾಸನೆಯಿಂದ ಗುರುತಿಸುತ್ತವೆ ಎಂದು ಇಪ್ಪತ್ತೆರಡು ವರ್ಷದಿಂದ ಬೋರ್ಡಿನ ಮೇಲೆ ಬರೆಯುತ್ತಿದ್ದವಳು ನಾನೇ, 'ವಾಸನೆ' ಎಂಬುದರ ಕೆಳಗೆ ಗೆರೆ ಎಳೆಯುತ್ತಿದ್ದವಳೂ ನಾನೇ. ಬೋರ್ಡಿನ ಮೇಲೆ ಬರೆದದ್ದು ಕೊಟ್ಟಿಗೆಗೂ ಅನ್ವಯಿಸುತ್ತದೆ ಎಂದು ಅಲ್ಲಿಯವರೆಗೆ ಹೊಳೆದಿರಲಿಲ್ಲ. ಹೊಳೆದ ಮೇಲೆ ಬಾಯಿ ಬಿಡಲಿಲ್ಲ. ಬದಲಿಗೆ ಕುರಿಯನ್ನು ಇನ್ನಷ್ಟು ಜೋರಾಗಿ ಬೈದೆ.

ಅಕ್ಕ ಕೆಲಸಕ್ಕೆ ಇಳಿದಳು. ನಾನಿದ್ದ ಕಡೆಯೆಲ್ಲ ಮಲ್ಲಿಗೆ ಸೋಪು ಘಮಘಮಿಸುತ್ತಲೇ ಇರುವುದರಿಂದ ಮರಿಯ ಮೈಯ ಘಮ ಅವಳಿಗೆ ಬೇರೆಯಾಗಿ ತಿಳಿದಿರಲಾರದು. ಕೆಂಚಿಯ ಕತ್ತಿಗೆ ಹಗ್ಗ ಹಾಕಿ ಗೂಟಕ್ಕೆ ಗಿಡ್ಡವಾಗಿ ಕಟ್ಟಿದಳು. ಭಾವ ಮೊಣಕಾಲಿನಿಂದ ಅದನ್ನು ಗೋಡೆಗೆ ಒತ್ತಿ ಹಿಡಿದರು. ಅಕ್ಕ ಗಿಣ್ಣುಹಾಲನ್ನು ಅಂಗೈಗೆ ಹಿಂಡಿ ಮರಿಯ ಬೆನ್ನಿಗೂ ಬಾಲದ ಬುಡಕ್ಕೂ ಸವರಿದಳು. ತಾಯಿ ಮೊದಲು ಮೂಸುವುದು ಬಾಲದ ಬುಡವನ್ನಂತೆ. ಮೇಲೆ ಒಂದಿಷ್ಟು ಉಪ್ಪು ಉದುರಿಸಿದಳು, ಉಪ್ಪಿನ ಆಸೆಗಾದರೂ ನೆಕ್ಕಲಿ ಎಂದು. ಕೆಂಚಿ ನೆಕ್ಕಿತು. ಉಪ್ಪು ಮುಗಿದ ಮೇಲೆ ಗುದ್ದಿತು. ಹಿಡಿದುಕೊಂಡಿದ್ದಾಗ ಮರಿ ನಾಲ್ಕು ಗುಟುಕು ಕುಡಿಯಿತು, ಬಿಟ್ಟ ತಕ್ಷಣ ಒದೆ ತಿಂದಿತು. ಹೀಗೆ ದಿನವೆಲ್ಲ ನಡೆಯಿತು. ನಡುನಡುವೆ ಮರಿಯನ್ನು ಎತ್ತಿಕೊಳ್ಳುವ ಕೆಲಸ ನನ್ನದು. ಪ್ರತಿ ಸಲ ಎತ್ತುವ ಮೊದಲು ನಾನು ಸೋಪು ಹಚ್ಚಿ ಕೈ ತೊಳೆದೆ. ಅಕ್ಕ ಹಚ್ಚಿದ್ದನ್ನೆಲ್ಲ ನಾನು ಸೋಪಿನ ಕೈಯಿಂದ ಶುದ್ಧವಾಗಿ ಅಳಿಸುತ್ತಿದ್ದೆ ಎಂಬುದು ಆಗಲೂ ನನಗೆ ಹೊಳೆಯಲಿಲ್ಲ ನೋಡಿ. ಮೂರ್ಖತನಕ್ಕೂ ಒಂದು ಶಿಸ್ತು ಇರುತ್ತದೆ, ನನ್ನದು ಕೈ ತೊಳೆದೇ ಮಾಡುವಂಥದ್ದು.

ಮಾರನೆಯ ಬೆಳಿಗ್ಗೆ ಮರಿ ನಿಲ್ಲಲಿಲ್ಲ. ಅಕ್ಕ ಅದರ ಬಾಯೊಳಕ್ಕೆ ಬೆರಳಿಟ್ಟು ನೋಡಿ, "ಬಾಯಿ ತಣ್ಣಗಾಗೈತೆ" ಎಂದಳು. ಕೂಸುಗಳಿಗೆ ಹಾಲು ಕುಡಿಸುವ ಹಳೆಯ ಬೆಳ್ಳಿ ಒಳಲೆಯನ್ನು ಪೆಟ್ಟಿಗೆಯಿಂದ ತೆಗೆದು, ಕೆಂಚಿಯ ಹಾಲು ಹಿಂಡಿ ತೊಟ್ಟುತೊಟ್ಟಾಗಿ ಕುಡಿಸಿದಳು. ಆ ಹೊತ್ತಿಗೆ ಭಾವ ಹೇಳಿಕಳಿಸಿದ್ದ ಕುರಿ ವ್ಯಾಪಾರದವನು ಬೈಕಿನಲ್ಲಿ ಬಂದ. ಚಪ್ಪಲಿ ಕೂಡ ಬಿಡದೆ ಕೊಟ್ಟಿಗೆಗೆ ನುಗ್ಗಿ ಕೆಂಚಿಯ ಸೊಂಟವನ್ನು ಬೆರಳುಗಳಿಂದ ಒತ್ತಿ ನೋಡಿದ.

"ಮೈಯಾಗೈತೆ. ಸಂತೆ ದಿನ ಬಂದು ಹೊಡ್ಕೊಂಡು ಹೋಯ್ತೀನಿ" ಎಂದ. ಮರಿಯನ್ನು ಕಾಲ್ಬೆರಳಿನಿಂದ ತೋರಿಸಿ, "ಇದು ಸಂಜೆ ಗಂಟ ಇರಕಿಲ್ಲ" ಎಂದ.

"ಕೈ ತೆಗೀರಿ ಅದ್ರ ಮೇಲಿಂದ. ಬಾಳಂತಿ ಅದು" ಎಂದು ಕಿರುಚಿದೆ ನಾನು.

ಅವನಿಗೆ ಬೇಜಾರೇನೂ ಆಗಲಿಲ್ಲ. "ಮರಿ ಒದೆಯೋ ಕುರಿ ಇಟ್ಕೊಂಡು ಏನ್ ಮಾಡ್ತೀರಮ್ಮ? ಈ ಸಲ ಒದ್ದಿದ್ದು ಮುಂದಿನ್ ಸಲಾನೂ ಒದೀತದೆ. ಅದ್ರ ಬುದ್ಧಿನೇ ಹಂಗೆ" ಎಂದ. ಭಾವ ಹೌದೆಂಬಂತೆ ತಲೆಯಾಡಿಸಿದರು.

ನನಗೆ ಅವನ ಮೇಲೆ ಸಿಟ್ಟು, ಭಾವನ ಮೇಲೆ ಸಿಟ್ಟು, ಎರಡು ದಿನದಿಂದ ಎಲ್ಲರ ಬೈಗುಳ ತಿಂದು ಬಾಯಿಲ್ಲದೆ ನಿಂತಿದ್ದ ಕೆಂಚಿಯ ಮೇಲೂ ಸಿಟ್ಟು. ಆ ಸಿಟ್ಟಿನಲ್ಲೇ ಬಾಯಿಂದ ಬಂದುಬಿಟ್ಟಿತು: "ಅದ್ರ ಬುದ್ಧಿ ಸರಿಯಾಗೇ ಇದೆ. ಮರೀನ ತೊಳೆದಿದ್ದು ನಾನು. ಬಿಸಿನೀರಲ್ಲಿ, ಸೋಪು ಹಚ್ಚಿ, ಎರಡ್ ಸಲ."

ವ್ಯಾಪಾರದವನು ಭಾವನ ಮುಖ ನೋಡಿದ. ಭಾವ ನೆಲ ನೋಡಿದರು. ಅಕ್ಕ ಒಳಲೆಯನ್ನು ಕೆಳಗಿಟ್ಟು ಎದ್ದು ನಿಂತಳು. ಅವಳಿಗೆ ಸಿಟ್ಟು ಬಂದದ್ದನ್ನು ನಾನು ಹುಟ್ಟಿದ ಮೇಲೆ ನೋಡಿದ್ದು ಅವತ್ತೇ. ದನಿ ಏರಿಸಲಿಲ್ಲ ಅವಳು.

"ನಿಂಗೆ ನಮ್ ವಾಸ್ನೆ ಆಗಲ್ಲ ಅಂತ ನಂಗೊತ್ತು ಕಣೇ. ಬಂದಾಗೆಲ್ಲ ಹೊದಿಕೆ ಮೂಸಿ ನೋಡ್ತೀಯ. ನಾನ್ ತೊಳೆದಿಟ್ಟಿರೋ ಲೋಟಾನ ಇನ್ನೊಂದ್ ಸಲ ತೊಳ್ಕೊಂಡು ಕುಡೀತೀಯ. ನಾನು ಸುಮ್ಕಿದೀನಿ. ಹೋಗ್ಲಿ, ಅವ್ಳು ಸ್ಕೂಲಲ್ಲಿ ಅನ್ನಿಸ್ಕೊಂಡೋಳು ಅಂತ ಸುಮ್ಕಿದೀನಿ. ಈ ಮರಿ ಏನ್ ಮಾಡಿತ್ತು ನಿಂಗೆ? ತಾಯಿಗೆ ಅದ್ರ ಗುರ್ತು ಸಿಗಾದೇ ಆ ವಾಸ್ನೇಲಿ. ಅದನ್ನೇ ತೊಳೆದ್ಬುಟ್ಟು, ಎರಡ್ ದಿನದಿಂದ ಕೆಂಚೀನೇ ಬೈತಾ ಇದೀಯಲ್ಲ."

ಆರನೇ ತರಗತಿಯ ಆ ಬೆಂಚಿನ ಸಂಗತಿ ಅಕ್ಕನಿಗೆ ಗೊತ್ತಿತ್ತು ಎಂಬುದೇ ನನಗೆ ಗೊತ್ತಿರಲಿಲ್ಲ. ಅವಳೂ ಅದೇ ಶಾಲೆಗೆ, ಅದೇ ಕೊಟ್ಟಿಗೆಯ ಪಕ್ಕದಿಂದ ಎದ್ದು ಹೋದವಳು. ಅವಳ ಬೆಂಚಿನಲ್ಲಿ ಎಷ್ಟು ಜನ ಕೂರುತ್ತಿದ್ದರು ಎಂದು ನಾನು ಒಂದು ದಿನವೂ ಕೇಳಿರಲಿಲ್ಲ.

"ಸಂತೆಗೆ ಇನ್ನೂ ಎರಡ್ ದಿನ ಐತೆ. ಅಷ್ಟ್ರೊಳಗೆ ಸೇರಿಸ್ಕೊಂಡ್ರೆ ಇರ್ಲಿ. ಇಲ್ದಿದ್ರೆ ಕೆಂಚಿ ಹೋಗ್ಲಿ. ಹಾಲಿಲ್ದೆ ಮರಿ ಹೆಂಗೂ ಉಳಿಯಲ್ಲ" ಎಂದು ಭಾವ ವ್ಯಾಪಾರದವನನ್ನು ಸಾಗಹಾಕಿದರು.

ಅಕ್ಕ ನನ್ನನ್ನು ಕೊಟ್ಟಿಗೆಯಿಂದ ಹೊರಗೆ ಹಾಕಿದಳು. ಆಮೇಲೆ ಮರಿಯನ್ನು ಬರೀ ಬಿಸಿನೀರಿನಲ್ಲಿ ಅದ್ದಿ ತೆಗೆದು, ಬಿಸಿಲಿಗೆ ಒಣಗಿಸಿ, ಕೆಂಚಿ ಮಲಗಿದ್ದ ಜಾಗದ ಗಂಜಲ ಕುಡಿದ ಹುಲ್ಲಿನಿಂದ ಮೈಯೆಲ್ಲ ಉಜ್ಜಿದಳು. ಮೇಲೆ ಮತ್ತೆ ಹಾಲು, ಮತ್ತೆ ಉಪ್ಪು. ಕೊಟ್ಟಿಗೆಯ ಮೂಲೆಗೆ ಬಿದಿರು ತಡಿಕೆ ಅಡ್ಡಕಟ್ಟಿ ತಾಯಿ ಮರಿ ಎರಡನ್ನೇ ಒಳಗೆ ಬಿಟ್ಟಳು. ಗಂಟೆಗೊಂದು ಸಲ ಹೋಗಿ ಕೆಂಚಿಯನ್ನು ಹಿಡಿದು ಹಾಲು ಕುಡಿಸುವಳು. ನಾನು ಹೊರಗಿನ ಜಗಲಿಯ ಮೇಲೆ, ಶಿಕ್ಷೆಗೆ ನಿಲ್ಲಿಸಿದ ವಿದ್ಯಾರ್ಥಿನಿಯಂತೆ. ಸಂಜೆಗೆ ಮರಿ ಎದ್ದು ನಿಂತಿತು. ಕೆಂಚಿ ಗುದ್ದುವುದನ್ನು ಬಿಟ್ಟಿತ್ತು, ಆದರೆ ಹತ್ತಿರವೂ ಸೇರಿಸುತ್ತಿರಲಿಲ್ಲ. ಮರಿ ಬಂದರೆ ಎರಡು ಹೆಜ್ಜೆ ಸರಿದು ನಿಲ್ಲುವುದು. ಆ ಸರಿಯುವುದನ್ನು ನೋಡಲು ನನಗೆ ಗುದ್ದಿಗಿಂತ ಕಷ್ಟವಾಯಿತು.

ಮೂರನೆಯ ದಿನ ಭಾವ ತಮ್ಮ ಕಡೆಯ ಅಸ್ತ್ರ ತೆಗೆದರು. ನಾಯಿಯನ್ನು ಹತ್ತಿರ ಬಿಟ್ಟರೆ ತಾಯಿಕುರಿಗೆ ಹೆದರಿಕೆಯಾಗಿ ಮರಿ ತನ್ನದು ಎಂಬುದು ನೆನಪಾಗುತ್ತದಂತೆ. ಅವರಪ್ಪ ಹಾಗೇ ಮಾಡುತ್ತಿದ್ದರಂತೆ. ಅವರಪ್ಪನ ಕಾಲದ ನಾಯಿ ಹೇಗಿತ್ತೋ, ಭಾವನ ಕರಿಯನಿಗೆ ಹದಿಮೂರು ವರ್ಷ, ಹಲ್ಲಿಲ್ಲ. ಅದನ್ನು ಸರಪಳಿಯಲ್ಲಿ ಎಳೆದು ತಂದು ತಡಿಕೆಯ ಹತ್ತಿರ ನಿಲ್ಲಿಸಿದರು. ಕರಿಯ ಒಂದು ಸಲ ಆಕಳಿಸಿ, ಕೆಂಚಿಯ ಕಡೆ ಬೆನ್ನು ಮಾಡಿ ಬಿಸಿಲಿಗೆ ಮಲಗಿತು. ಕೆಂಚಿ ಮೆಲುಕು ಹಾಕುತ್ತಾ ಅದರ ಬಾಲ ನೋಡಿತು.

ಮಾರನೆಯ ದಿನ ಸಂತೆ. ಅದನ್ನು ಕಣ್ಣಾರೆ ನೋಡುವ ಧೈರ್ಯ ನನಗಿರಲಿಲ್ಲ. ಹೊರಡುತ್ತೇನೆ ಎಂದೆ. ಅಕ್ಕ ಇರು ಎನ್ನಲಿಲ್ಲ. ಆ ಸಿಟ್ಟಿಗೆ ಒಂದು ಹಂಡೆ ನೀರು ಸುರಿದುಕೊಂಡು, ಮೈಯೆಲ್ಲ ಸೋಪು ತಿಕ್ಕಿ, ಇಸ್ತ್ರಿ ಸೀರೆ ಉಟ್ಟು, ಬ್ಯಾಗು ಹೆಗಲಿಗೇರಿಸಿದೆ. ಬಾಗಿಲು ದಾಟುವಾಗ ಮರಿ ಬದುಕಿದೆಯೇ ಎಂದು ಒಂದು ಸಲ ನೋಡಿ ಹೋಗೋಣವೆನಿಸಿತು. ಅಕ್ಕ ಹಿತ್ತಲಲ್ಲಿದ್ದಳು. ತಡಿಕೆ ಸರಿಸಿ ಒಳಗೆ ಹೋಗಿ ಮರಿಯ ಕಡೆ ಬಗ್ಗಿದೆ.

ಕೆಂಚಿ ಮೂತಿ ಎತ್ತಿತು. ಮೂಗಿನ ಹೊಳ್ಳೆ ಅರಳಿತು. ಮುಂಗಾಲನ್ನು ನೆಲಕ್ಕೆ ಬಡಿಯಿತು. ನಾನು ಗಮನಿಸಲಿಲ್ಲ, ಕೈ ಚಾಚಿದೆ. ಇನ್ನೊಂದು ಸಲ ಬಡಿಯಿತು, ಇನ್ನೂ ಜೋರಾಗಿ. ಆಮೇಲೆ ತಲೆ ತಗ್ಗಿಸಿ ಬಂದು ನನ್ನ ಮೊಣಕಾಲಿಗೆ ಗುದ್ದಿತು. ನಾನು ಹಿಂದಕ್ಕೆ, ಬ್ಯಾಗು ನನ್ನ ಕೆಳಗೆ, ಇಸ್ತ್ರಿ ಸೀರೆಯ ಸಮೇತ ಇಬ್ಬರೂ ಗಂಜಲದಲ್ಲಿ. ಬ್ಯಾಗಿನೊಳಗೆ ಏನೋ ಫಟ್ಟೆಂದಿತು. ಏಳಲು ಹೋದರೆ ಕುರಿ ನನಗೂ ಮರಿಗೂ ನಡುವೆ ನಿಂತು ಮತ್ತೆ ಕಾಲು ಬಡಿಯಿತು. ಎರಡು ದಿನ ನಾನು ಅದಕ್ಕೆ ಹೇಳಿದ್ದ ಪಾಠವನ್ನೆಲ್ಲ ಅದು ಅಷ್ಟರಲ್ಲೇ ನನಗೆ ತಿರುಗಿಸಿ ಹೇಳಿತು. ನಾನು ಅಲ್ಲಾಡದೆ ಕೂತೆ.

ಆಮೇಲೆ ಅದು ತಿರುಗಿ ಮರಿಯ ಬಾಲದ ಬುಡ ಮೂಸಿತು. ಗಂಟಲೊಳಗೇ ಒಂದು ಸದ್ದು ಮಾಡಿತು, ಎರಡು ದಿನದಲ್ಲಿ ನಾವು ಒಮ್ಮೆಯೂ ಕೇಳದ, ಬಾಯಿ ತೆರೆಯದೆ ಕರೆಯುವ ಸಣ್ಣ ಸದ್ದು. ಮರಿ ಹೊಟ್ಟೆಯ ಕೆಳಗೆ ನುಗ್ಗಿತು. ಕೆಂಚಿ ಸರಿಯಲಿಲ್ಲ. ಹಿಂಗಾಲು ಸ್ವಲ್ಪ ಅಗಲ ಮಾಡಿ ನಿಂತುಕೊಂಡಿತು. ಮರಿಯ ಬಾಲ ಗಡಗಡ ಅಲ್ಲಾಡತೊಡಗಿತು.

ಸದ್ದು ಕೇಳಿ ಬಂದ ಅಕ್ಕ ತಡಿಕೆ ಹಿಡಿದು ನಿಂತಿದ್ದಳು. ನನ್ನನ್ನು ನೋಡಿದಳು, ಕುರಿಯನ್ನು ನೋಡಿದಳು, ಮಲಗಿದ್ದ ಕರಿಯನನ್ನು ನೋಡಿದಳು.

"ಬುಡು. ನಾಯಿ ಮಾಡ್ಬೇಕಾದ್ ಕೆಲ್ಸ ನಿನ್ ಸೋಪು ಮಾಡ್ತು" ಎಂದಳು. ಆಮೇಲೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನಕ್ಕು ನಕ್ಕು ಕಣ್ಣೀರು ಬಂತು ಅವಳಿಗೆ. ನನಗೂ ಬಂತು, ನನ್ನದು ನಗುವಿನದಾಗಿರಲಿಲ್ಲ.

ನಾನು ಅವತ್ತು ಹೊರಡಲಿಲ್ಲ. ಭಾವ ವ್ಯಾಪಾರದವನಿಗೆ ಫೋನ್ ಮಾಡಿ ಬರಬೇಡ ಎಂದರು. ಉಳಿದ ರಜೆಗೆಲ್ಲ ನನಗೆ ಒಂದೇ ಕೆಲಸ: ದಿನಕ್ಕೆ ಮೂರು ಸಲ ಸೋಪು ಹಚ್ಚಿ ಮಿಂದು, ಘಮಘಮಿಸುತ್ತಾ ಕೊಟ್ಟಿಗೆಯ ಬಾಗಿಲಲ್ಲಿ ನಿಲ್ಲುವುದು. "ಮೇಡಮ್ಮೋರೆ, ಡ್ಯೂಟಿ ಟೈಮಾಯ್ತು" ಎಂದು ಭಾವ ಕೂಗುವರು. ನಾನು ಹೋಗಿ ನಿಲ್ಲುವೆ. ಕೆಂಚಿ ಕಾಲು ಬಡಿದು, ಮರಿಯನ್ನು ಹೊಟ್ಟೆಯ ಹತ್ತಿರಕ್ಕೆ ಕರೆದುಕೊಳ್ಳುವುದು. ಹೀಗೆ ಐದು ದಿನಕ್ಕೆ ಸೋಪು ಸವೆದು ಎಲೆಯಷ್ಟಾಗಿ, ಬಚ್ಚಲ ತೂಬಿನಲ್ಲಿ ಜಾರಿಹೋಯಿತು.

ಊರಿಗೆ ಹೊರಡುವ ದಿನ ಬರೀ ನೀರಿನಲ್ಲಿ ಮಿಂದೆ. ನಲವತ್ತು ವರ್ಷ ಹಿಂದಿನ ಹಾಗೆ. ಮರಿಯನ್ನು ನೋಡಲು ಹೋದೆ, ಬಾಗಿಲಲ್ಲೇ ನಿಂತು ಗುದ್ದಿಗೆ ಸಿದ್ಧಳಾದೆ. ಕೆಂಚಿ ಹತ್ತಿರ ಬಂದು ನನ್ನ ಕೈ ಮೂಸಿತು. ಮೇಲಿನಿಂದ ಮೂಸಿತು, ಅಂಗೈ ಮೂಸಿತು. ಆಮೇಲೆ ಹುಲ್ಲಿಗೆ ಬಾಯಿ ಹಾಕಿತು. ನಾನು ಬಗ್ಗಿ ಮರಿಯನ್ನೆತ್ತಿ ಎದೆಗೊತ್ತಿ ಹಿಡಿದೆ. ತಾಯಿ ತಲೆ ಎತ್ತಲಿಲ್ಲ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿದ್ದೆ. ಗುಬ್ಬಿಯಲ್ಲಿ ಹತ್ತಿ ನನ್ನ ಪಕ್ಕ ಕೂತ ಹೆಂಗಸು ಸ್ವಲ್ಪ ಹೊತ್ತಿಗೆ ಸೆರಗನ್ನು ಮೂಗಿಗೆ ಅಡ್ಡ ಹಿಡಿದಳು. ಆಮೇಲೆ ಸೀಟಿನ ತುದಿಗೆ ಜರುಗಿದಳು. ನನ್ನ ಕೈ ತಾನಾಗಿ ಬ್ಯಾಗಿನೊಳಕ್ಕೆ ಹೋಗಿ ಡಬ್ಬಿ ಹುಡುಕಿತು. ಮುಚ್ಚಳ ಸೀಳಿತ್ತು, ಒಳಗೆ ಏನೂ ಇರಲಿಲ್ಲ. ಎಷ್ಟೋ ವರ್ಷದ ಸಿಟ್ಟು ಮೇಲೆದ್ದಿತು. ಅದನ್ನು ನುಂಗಲಿಲ್ಲ.

"ಕುರಿ ವಾಸ್ನೆ. ನಮ್ಮಕ್ಕನ ಮನೆಯಿಂದ ಬರ್ತಿದೀನಿ" ಎಂದೆ, ಇಡೀ ಬಸ್ಸಿಗೆ ಕೇಳುವ ಹಾಗೆ. "ತುಮಕೂರಿನ ತನಕ ನಾನು ಇಲ್ಲೇ ಕೂತಿರ್ತೀನಿ. ಏಳೋದಾದ್ರೆ ನೀವು ಎದ್ದೇಳಿ."